ಗುರುವಾರ ನಾನು ಮನೆಯಲ್ಲಿರಲಿಲ್ಲ

ನಿನ್ನೆ ಸಂಜೆ ಇಂಡಿಯನ್ ಸ್ಟೋರಿನ ಬಿಲ್ಲಿಂಗ್ ಸಾಲಿನಲ್ಲಿ ರಘುನಂದನ್ ನನಗಿಂತ ಮೂರು ಜನ ಮುಂದೆ ನಿಂತಿದ್ದ. ಇವತ್ತು ಸ್ನೋ ಬೀಳುತ್ತದೆ ಎಂದು ಹವಾಮಾನದವರು ಹೇಳಿದ್ದರಿಂದ ಕೆಂಡಲ್ ಪಾರ್ಕ್ ಊರಿನ ಅರ್ಧ ಜನ ಅಲ್ಲೇ ಇದ್ದರು. ಹಾಲು ಖಾಲಿ, ಮೊಸರು ಖಾಲಿ, ಕೊತ್ತಂಬರಿ ಸೊಪ್ಪಿನ ಬುಟ್ಟಿಯಲ್ಲಿ ಬರೀ ಕಡ್ಡಿ. ಅವನು ಸುಮ್ಮನೆ ಹಿಂದೆ ತಿರುಗಿದವನು ನನ್ನನ್ನು ನೋಡಿದ. ಏನೋ ಮರೆತವನ ಹಾಗೆ ಹಣೆ ಮುಟ್ಟಿಕೊಂಡು ಸಾಲಿನಿಂದ ಹೊರಗೆ ಹೋಗಿ, ಒಂದು ಸುತ್ತು ಸುತ್ತಿ, ಪಕ್ಕದ ಸಾಲಿನ ಕೊನೆಯಲ್ಲಿ ನಿಂತುಕೊಂಡ. ಆ ಸಾಲು ನಮ್ಮದರ ಎರಡರಷ್ಟು ಉದ್ದವಿತ್ತು. ನನಗೆ ಬಹಳ ಸಂತೋಷವಾಯಿತು.

ಕ್ಷಮಿಸಿಬಿಡಬೇಕು, ಆಗ ಮನಸ್ಸು ಹಗುರವಾಗುತ್ತದೆ ಎಂದು ನಮ್ಮ ಯೋಗದ ಕ್ಲಾಸಿನಲ್ಲಿ ಹೇಳಿಕೊಡುತ್ತಾರೆ. ನನ್ನ ಮನಸ್ಸು ನಿನ್ನೆ ಕ್ಷಮಿಸದೆಯೇ ಹಗುರವಾಯಿತು. ಕಾರಿಗೆ ಬಂದು ಕೂತು, ಅವನು ಅಲ್ಲಿ ಎಷ್ಟು ಹೊತ್ತು ನಿಲ್ಲಬೇಕಾಗುತ್ತದೆ ಎಂದು ಅಂದಾಜು ಹಾಕಿದೆ. ಅಂದಾಜು ಹಾಕುವುದು ನನ್ನ ಹಳೆಯ ಚಟ. ಆ ಚಟವನ್ನು ಅವನು ನನ್ನಿಂದ ಕದ್ದುಕೊಂಡು ಹೋದ ಚಳಿಗಾಲದ ಕತೆ ಇದು.

ಆಗ ನಾವು ಪ್ಲೇನ್ಸ್‌ಬರೋದ ಒಂದು ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸಿನಲ್ಲಿದ್ದೆವು. ನಾನು ಮೈಸೂರಿನ ಕಾಲೇಜೊಂದರಲ್ಲಿ ಏಳು ವರ್ಷ ಸ್ಟಾಟಿಸ್ಟಿಕ್ಸ್ ಪಾಠ ಮಾಡಿದವಳು. ನನ್ನ ಗಂಡ ಗಿರೀಶರ ಕೆಲಸದ ಹಿಂದೆ ಇಲ್ಲಿಗೆ ಬಂದ ಮೇಲೆ ಎಚ್-4 ವೀಸಾದಲ್ಲಿ, ಅಂದರೆ ಕೆಲಸ ಮಾಡುವ ಹಾಗಿಲ್ಲದ ಹೆಂಡತಿಯಾಗಿ, ಐದು ವರ್ಷ ಮನೆಯಲ್ಲಿ ಕೂತೆ. ಕೂತೆ ಎಂದು ನಾನು ಹೇಳುವುದಲ್ಲ, ಕಾಂಪ್ಲೆಕ್ಸಿನವರು ಹೇಳುತ್ತಿದ್ದ ಮಾತು. "ನೀವು ಹೇಗೂ ಮನೇಲೇ ಇರ್ತೀರಲ್ಲ" ಎನ್ನುವುದು ಅವರಿಗೆ ನಮಸ್ಕಾರ ಇದ್ದ ಹಾಗೆ. ಪಾರ್ಸೆಲ್ ತೆಗೆದಿಡುವುದು, ಪ್ಲಂಬರ್ ಬಂದರೆ ಬಾಗಿಲು ತೆಗೆಯುವುದು, ಎಲ್ಲಾ ಈ ಒಂದು ವಾಕ್ಯದ ಮೇಲೆ ನಡೆಯುತ್ತಿತ್ತು.

ಎಲ್ಲಕ್ಕಿಂತ ಹೆಚ್ಚಾಗಿ ನಡೆಯುತ್ತಿದ್ದದ್ದು ಸ್ನೋ ಡೇಗಳಲ್ಲಿ. ಇಲ್ಲಿ ಶಾಲೆ ಮುಚ್ಚುತ್ತದೋ ಇಲ್ಲವೋ ಎನ್ನುವುದನ್ನು ಬೆಳಗಿನ ಜಾವ ನಿರ್ಧಾರ ಮಾಡುತ್ತಾರೆ. ಐದೂಕಾಲರ ಹೊತ್ತಿಗೆ ಎಲ್ಲರ ಮನೆಯ ಫೋನಿಗೂ ರೆಕಾರ್ಡ್ ಮಾಡಿದ ಒಂದು ದನಿ ಬರುತ್ತದೆ. ಮುಚ್ಚಿದೆ ಅಂದರೆ ಆರು ಗಂಟೆಗೆ ನನ್ನ ಬಾಗಿಲ ಬೆಲ್ ಶುರು. ಒಂದು ಸಲ ನಮ್ಮ ಮನೆಯ ಕಾರ್ಪೆಟ್ ಮೇಲೆ ಒಂಬತ್ತು ಜೊತೆ ಬೂಟು ಇದ್ದದ್ದು ನೆನಪಿದೆ. ಕಿಟಕಿಯ ಕೆಳಗಿನ ಹೀಟರ್ ತುಂಬಾ ಒದ್ದೆ ಕೈಗವಸುಗಳು. ನನ್ನ ಮಗಳು ಇಳಾಗೆ ಹಬ್ಬ. ನನಗೆ ಮಧ್ಯಾಹ್ನದವರೆಗೆ ದೋಸೆ.

ಹೀಗೆ ಆಗಿ ಆಗಿ, ನಾಳೆ ಎಷ್ಟು ಹಿಟ್ಟು ಬೇಕಾಗುತ್ತದೆ ಎನ್ನುವುದನ್ನು ಹಿಂದಿನ ದಿನವೇ ತಿಳಿದುಕೊಳ್ಳುವ ಅಗತ್ಯ ಬಿತ್ತು. ಒಂದು ನೋಟ್‌ಬುಕ್ ತೆಗೆದುಕೊಂಡೆ. ಸ್ನೋ ಎಷ್ಟು ಗಂಟೆಗೆ ಶುರುವಾಗುತ್ತದೆ, ಬೆಳಿಗ್ಗೆ ಐದಕ್ಕೆ ಥಂಡಿ ಎಷ್ಟು, ಯಾವ ವಾರ, ಶಾಲೆಯವರ ಕೈಯಲ್ಲಿ ಇನ್ನು ಎಷ್ಟು ರಜೆ ಉಳಿದಿದೆ, ಪಕ್ಕದ ಊರುಗಳ ಶಾಲೆಗಳು ಏನು ಮಾಡಿದವು, ಹೀಗೆ ಕಾಲಂ ಹಾಕಿ ಮೂರು ಚಳಿಗಾಲ ಬರೆದೆ. ಪ್ರತಿ ಸಲವೂ ಮೊದಲು ನನ್ನ ಅಂದಾಜು, ಆಮೇಲೆ ಆದದ್ದು. ತಪ್ಪಿದಾಗ ಯಾಕೆ ತಪ್ಪಿತು ಎಂದು ಪಕ್ಕದಲ್ಲಿ ಸಣ್ಣ ಅಕ್ಷರದಲ್ಲಿ.

ಕೊನೆಯ ಕಾಲಂ ಗಂಗಾ ಆಂಟಿಯದು. ಅವರು ಧಾರವಾಡದವರು, ಕೆಂಡಲ್ ಪಾರ್ಕಿನಲ್ಲಿ ಸ್ವಂತ ಮನೆ, ಹೊತ್ತು ಹೋಗಲಿ ಎಂದು ನಮ್ಮ ಮಕ್ಕಳ ಶಾಲೆಯ ಅಡುಗೆಮನೆಯಲ್ಲಿ ಮಧ್ಯಾಹ್ನದ ಊಟ ಬಡಿಸುವ ಕೆಲಸ. ಹುಟ್ಟಾ ಸಸ್ಯಾಹಾರಿ. "ನಾ ಕೋಳಿ ಮುಟ್ಟಂಗಿಲ್ಲವಾ, ಟ್ರೇ ಅಷ್ಟ ಮುಂದ ದೂಡ್ತೀನಿ" ಎನ್ನುತ್ತಿದ್ದರು. ಅಲ್ಲಿನ ಅಡುಗೆಮನೆಯ ಯಜಮಾನಿ ರೋಸಾ ಎಂಬ ಮುದುಕಿ. ಮರುದಿನದ ಕೋಳಿಯನ್ನು ಅವಳು ಹಿಂದಿನ ದಿನ ಮಧ್ಯಾಹ್ನ ಫ್ರೀಜರಿನಿಂದ ಹೊರಗೆ ತೆಗೆದಿಡಬೇಕು. ಒಮ್ಮೆ ಮೆತ್ತಗಾದದ್ದನ್ನು ಮತ್ತೆ ಗಟ್ಟಿ ಮಾಡುವ ಹಾಗಿಲ್ಲ, ಶಾಲೆ ಮುಚ್ಚಿದರೆ ಎಲ್ಲಾ ಕಸಕ್ಕೆ. ಅನ್ನ ಚೆಲ್ಲುವುದೆಂದರೆ ರೋಸಾಗೆ ಆಗದು. ಬಸ್ ಡ್ರೈವರುಗಳು ಬೆಳಗಿನ ಟ್ರಿಪ್ ಮುಗಿಸಿ ಅವಳ ಹಿಂಬಾಗಿಲಲ್ಲಿ ಕಾಫಿ ಕುಡಿಯುತ್ತಾ ಯಾವ ರಸ್ತೆ ಹೇಗಿದೆ ಎಂದು ಹೇಳುತ್ತಿದ್ದರು. ಅದನ್ನು ಕೇಳಿಕೊಂಡು ಅವಳು ಕೋಳಿ ತೆಗೆಯುತ್ತಿದ್ದಳು ಅಥವಾ ಬಿಡುತ್ತಿದ್ದಳು. ಎರಡು ಗಂಟೆಗೆ ಗಂಗಾ ಆಂಟಿ ಕಾರಿನಿಂದ ಫೋನ್ ಮಾಡಿ ನನಗೆ ವರದಿ ಒಪ್ಪಿಸುತ್ತಿದ್ದರು. ನನ್ನ ನೋಟ್‌ಬುಕ್ಕಿನಲ್ಲಿ ಅತಿ ಕಡಿಮೆ ಸಲ ತಪ್ಪಿದ ಕಾಲಂ ಅದೇ.

ನಾಲ್ಕು ಗಂಟೆಗೆ ಕಾಂಪ್ಲೆಕ್ಸಿನ ವಾಟ್ಸಾಪ್ ಗ್ರೂಪಿಗೆ, ಶಾಲೆ ಮುಚ್ಚುವ ಸಾಧ್ಯತೆ ನೂರಕ್ಕೆ ಎಷ್ಟು ಎಂದು ಒಂದೇ ಸಾಲು ಹಾಕುತ್ತಿದ್ದೆ: ನಾಳೆ 70. ನಾಳೆ 15. ಅದರ ಮೇಲೆ ತಾಯಂದಿರು ತಮ್ಮ ತಮ್ಮ ಮೀಟಿಂಗುಗಳನ್ನು ಆಚೆ ಈಚೆ ಮಾಡಿಕೊಳ್ಳುತ್ತಿದ್ದರು. ಎಪ್ಪತ್ತು ಎಂದಾಗ ಶಾಲೆ ತೆರೆದುಬಿಟ್ಟರೆ ಬಸ್ ಸ್ಟಾಪಿನಲ್ಲಿ ನನಗೆ ವಿಚಾರಣೆ. ಹತ್ತರಲ್ಲಿ ಮೂರು ಸಲ ತೆರೆದೇ ತೆರೆಯುತ್ತದೆ, ಅದಕ್ಕೇ ಎಪ್ಪತ್ತು ಎಂದಿದ್ದು ಎಂದು ಏಳು ವರ್ಷ ಪಾಠ ಮಾಡಿದ ಗಂಟಲಿನಲ್ಲಿ ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳುತ್ತಿರಲಿಲ್ಲ. ಆದರೂ ನಾಲ್ಕಕ್ಕೆ ಐದು ನಿಮಿಷ ಹೆಚ್ಚಾದರೆ "ಸುಮನಾ, ನಂಬರ್?" ಎಂದು ಕೇಳುತ್ತಿದ್ದರು. ಅದನ್ನು ಓದಲು ನನಗೆ ಎಷ್ಟು ಇಷ್ಟವಿತ್ತು ಎಂದು ಈಗ ನಾಚಿಕೆಯಿಲ್ಲದೆ ಹೇಳುತ್ತೇನೆ. ಐದು ವರ್ಷದಲ್ಲಿ ನನ್ನನ್ನು ಊಟ ತಿಂಡಿ ಬಿಟ್ಟು ಬೇರೇನಾದರೂ ಕೇಳಿದವರು ಅವರೇ.

ಆ ವರ್ಷ ಡಿಸೆಂಬರಿನಲ್ಲಿ ನನ್ನ ವರ್ಕ್ ಪರ್ಮಿಟ್ ಬಂತು. ಆ ಕಾರ್ಡನ್ನು ಎರಡು ದಿನ ದೇವರ ಮುಂದಿಟ್ಟೆ. ಇಪ್ಪತ್ತೆಂಟು ಕಡೆ ಅರ್ಜಿ ಹಾಕಿದೆ. ಎಲ್ಲರೂ ಕೇಳಿದ್ದು ಒಂದೇ, ನಡುವಿನ ಐದು ವರ್ಷ ಏನು ಮಾಡಿದಿರಿ ಎಂದು. ಹೆಚ್ಚಿನವರು ಅದನ್ನೂ ಕೇಳಲಿಲ್ಲ.

ರಘು ನಮ್ಮ ಎದುರು ಬಿಲ್ಡಿಂಗಿನವನು. ಪ್ರಿನ್ಸ್‌ಟನ್ ಕಡೆಯ ಒಂದು ಔಷಧ ಕಂಪನಿಯಲ್ಲಿ ಅಂಕಿಅಂಶದ ಕೆಲಸ. ಹೆಂಡತಿ ವಿದ್ಯಾ ಆಸ್ಪತ್ರೆಯಲ್ಲಿ ಫಾರ್ಮಸಿಸ್ಟ್. ಮಗಳು ಆನ್ಯಾ ನನ್ನ ಇಳಾಳ ಕ್ಲಾಸ್‌ಮೇಟ್, ಸ್ನೋ ಡೇ ಬಂದರೆ ನಮ್ಮ ಮನೆಗೆ ಮೊದಲು ಬರುವವಳು, ಕೊನೆಗೆ ಹೋಗುವವಳು. ರಘು ಒಂದು ಸಂಜೆ ಅವಳನ್ನು ಕರೆದುಕೊಂಡು ಹೋಗಲು ಬಂದವನು ಬಾಗಿಲಲ್ಲೇ ನಿಂತು ಹೇಳಿದ.

"ನಮ್ಮ ಗ್ರೂಪಲ್ಲಿ ಒಂದು ಓಪನಿಂಗ್ ಇದೆ ಸುಮನಾ. ನಿಮ್ಮ ರೆಸ್ಯೂಮೆ ಕೊಡಿ, ರೆಫರ್ ಮಾಡ್ತೀನಿ. ಗ್ಯಾಪ್ ಇದೆಯಲ್ಲ, ಅದಕ್ಕೆ ಏನಾದ್ರೂ ವರ್ಕ್ ಸ್ಯಾಂಪಲ್ ಇದ್ರೆ ಒಳ್ಳೇದು. ಆ ಸ್ನೋ ನೋಟ್‌ಬುಕ್ ಇದೆಯಲ್ಲ, ಅದನ್ನೇ ನೀಟಾಗಿ ಸ್ಪ್ರೆಡ್‌ಶೀಟ್ ಮಾಡಿಕೊಡಿ. ಮ್ಯಾನೇಜರ್‌ಗೆ ತೋರಿಸ್ತೀನಿ."

ಒಂದು ವಾರ ಕೂತು ಮೂರು ಚಳಿಗಾಲವನ್ನು ಕಂಪ್ಯೂಟರಿಗೆ ಹಾಕಿದೆ. ಲೆಕ್ಕ ಹೇಗೆ ಹಾಕಿದೆ ಎಂದು ನಾಲ್ಕು ಪುಟ ಬರೆದೆ. ಕಳಿಸಿದ ಮಾರನೆಯ ದಿನ ಅವನ ಫೋನ್ ಬಂತು.

"ಈ ಕೊನೇ ಕಾಲಂ ಏನು, ಅರ್ಥ ಆಗ್ಲಿಲ್ಲ."

ಕೋಳಿಯ ವಿಷಯ ಹೇಳಿದೆ. ಅವನು ಜೋರಾಗಿ ನಕ್ಕ.

"ಅಯ್ಯೋ, ಮ್ಯಾನೇಜರ್ ಮುಂದೆ ಕೋಳಿ ತೋರಿಸೋಕಾಗುತ್ತಾ? ಇದು ಡೇಟಾ ಅಲ್ಲ, ಗಾಸಿಪ್. ತೆಗೆದುಬಿಡ್ತೀನಿ, ನಿಮ್ಮ ಒಳ್ಳೇದಕ್ಕೇ."

ನನ್ನ ಒಳ್ಳೆಯದಕ್ಕೆ ಎಂದಾಗ ನಾನು ಥ್ಯಾಂಕ್ಸ್ ಹೇಳಿದೆ. ಇದನ್ನು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಆಮೇಲೆ ಸುದ್ದಿ ಇಲ್ಲ. ಕೇಳಿದರೆ "ಪ್ರಾಸೆಸ್‌ನಲ್ಲಿದೆ" ಎನ್ನುತ್ತಿದ್ದ. ಜನವರಿಯಲ್ಲಿ ಕಾಂಪ್ಲೆಕ್ಸಿನ ಕ್ಲಬ್‌ಹೌಸಿನಲ್ಲಿ ಸಂಕ್ರಾಂತಿ ಕೂಟ ಇಟ್ಟುಕೊಂಡಿದ್ದೆವು. ಎಳ್ಳು ಬೆಲ್ಲ ಹಂಚಿ ಆಯಿತು, ಮಕ್ಕಳ ಹಾಡು ಆಯಿತು, ಪೊಂಗಲ್ಲಿಗೆ ಸಾಲು ನಿಲ್ಲುವ ಮುಂಚೆ ರಘು ಪ್ರೊಜೆಕ್ಟರ್ ಹಚ್ಚಿದ. ಇನ್ನು ಮೇಲೆ ಸ್ನೋ ಡೇ ಬಗ್ಗೆ ಯಾರೂ ಯಾರನ್ನೂ ಕೇಳಬೇಕಾಗಿಲ್ಲ, ತಾನೊಂದು ಆ್ಯಪ್ ಮಾಡಿದ್ದೇನೆ ಎಂದ. ಪರದೆಯ ಮೇಲೆ ಬಣ್ಣ ಬಣ್ಣದ ಕಂಬಗಳು. ಅವನ ಕಂಪನಿಯಲ್ಲಿ ಹೊಸ ಐಡಿಯಾಗಳಿಗೆ ಒಂದು ಸ್ಪರ್ಧೆಯಂತೆ. ಶಾಲೆ ಮುಚ್ಚಿದ ದಿನ ಎಷ್ಟು ಜನ ಕೆಲಸಕ್ಕೆ ಬರಲಾರರು ಎಂದು ಮೊದಲೇ ತಿಳಿಯಬಹುದಂತೆ. ಫೈನಲ್‌ಗೆ ಬಂದಿದ್ದಾನಂತೆ.

ನಾನು ಕಂಬಗಳನ್ನು ನೋಡಲಿಲ್ಲ. ಅವನು ಹಿಂದಿನ ವರ್ಷಗಳ ಪಟ್ಟಿ ತೋರಿಸಿದಾಗ ನನ್ನ ಕಾಲಂಗಳು, ಕೊನೆಯ ಕೋಳಿಯದೊಂದು ಬಿಟ್ಟು, ನಾನಿಟ್ಟ ಕ್ರಮದಲ್ಲೇ ನನ್ನ ಮುಂದೆ ನಿಂತಿದ್ದವು. ಎರಡನೇ ಚಳಿಗಾಲದಲ್ಲಿ ನಾನು ಒಂದು ಬುಧವಾರವನ್ನು ಕೈತಪ್ಪಿನಿಂದ ಮಂಗಳವಾರ ಎಂದು ಬರೆದಿದ್ದೆ. ಕಳಿಸಿದ ಮೇಲೆ ಕಣ್ಣಿಗೆ ಬಿದ್ದಿತ್ತು, ಇಂಟರ್‌ವ್ಯೂನಲ್ಲಿ ಹೇಳಿದರಾಯಿತು ಎಂದು ಬಿಟ್ಟಿದ್ದೆ. ಆ ಮಂಗಳವಾರ ಕೂಡ ಗೋಡೆಯ ಮೇಲೆ ಹಾಗೇ ಇತ್ತು. ನನ್ನ ತಪ್ಪನ್ನೂ ಬಿಡದೆ ತೆಗೆದುಕೊಂಡಿದ್ದ. ನನ್ನ ಹೆಸರು ಮಾತ್ರ ಎಲ್ಲೂ ಇರಲಿಲ್ಲ. ಎಲ್ಲರೂ ಚಪ್ಪಾಳೆ ತಟ್ಟಿದರು. ಪಕ್ಕದಲ್ಲಿದ್ದವರೊಬ್ಬರು "ಸುಮನಾ ಅವ್ರದ್ದು ಕಿಚನ್ ಸ್ಟಾಟಿಸ್ಟಿಕ್ಸ್, ಇದು ಪ್ರೊಫೆಷನಲ್" ಎಂದು ನನಗೇ ತಮಾಷೆ ಮಾಡಿದರು. ನಾನೂ ನಕ್ಕೆ.

ಪೊಂಗಲ್ ಸಾಲಿನಲ್ಲಿ ಅವನನ್ನು ಹಿಡಿದು, ಆ ಓಪನಿಂಗ್ ಏನಾಯಿತು ಎಂದಷ್ಟೇ ಕೇಳಿದೆ.

"ಅದು ಇಂಟರ್ನಲ್ ಆಗಿ ಫಿಲ್ ಆಗಿಹೋಯ್ತು ಸುಮನಾ. ನಾನು ತುಂಬಾ ಟ್ರೈ ಮಾಡಿದೆ" ಎಂದ. ತಟ್ಟೆಗೆ ತುಪ್ಪ ಹಾಕಿಸಿಕೊಂಡ.

ಮನೆಗೆ ಬಂದು ಗಿರೀಶರಿಗೆ ಹೇಳಿದರೆ ಅವರು ಬೂಟು ಬಿಚ್ಚುತ್ತಾ, "ಬಿಟ್ಬಿಡು, ಒಂದೇ ಕಡೆ ಇರೋರು, ಮಕ್ಕಳು ಬೇರೆ ಫ್ರೆಂಡ್ಸ್" ಎಂದರು. ಬಿಟ್ಟುಬಿಡುವುದು ನಮ್ಮವರಿಗೆ ಬಹಳ ಸುಲಭ, ಬಿಡಬೇಕಾದದ್ದು ಇನ್ನೊಬ್ಬರದಾದರೆ. ನಾನು ಬಿಡಲಿಲ್ಲ. ಜಗಳವನ್ನೂ ಆಡಲಿಲ್ಲ. ಜಗಳ ಆಡಿದ್ದರೆ ಆಂಟಿಯರೆಲ್ಲ ಸೇರಿ ರಾಜಿ ಮಾಡಿಸಿ, ಎರಡು ಕಡೆಯಿಂದಲೂ ತಪ್ಪಿದೆ ಎಂದು ಕಾಫಿ ಕುಡಿಸಿ ಕಳಿಸುತ್ತಿದ್ದರು. ನನಗೆ ರಾಜಿ ಬೇಕಿರಲಿಲ್ಲ. ಅವನು ನಾಲ್ಕು ಜನರ ಮುಂದೆ ಬೀಳುವುದು ಬೇಕಿತ್ತು.

ಗ್ರೂಪಿಗೆ ನಂಬರ್ ಹಾಕುವುದನ್ನು ನಿಲ್ಲಿಸಿದೆ. ಕೇಳಿದವರಿಗೆ ಆ್ಯಪ್ ನೋಡಿ ಎಂದೆ. ಮನೆಯೊಳಗೆ ಮಾತ್ರ ನನ್ನ ಲೆಕ್ಕ ಮುಂದುವರಿಯಿತು, ಒಂದು ಪುಟದಲ್ಲಿ ಅವನ ಸಂಖ್ಯೆ, ಎದುರು ಪುಟದಲ್ಲಿ ನನ್ನದು. ಜನವರಿ ಕೊನೆಯಲ್ಲಿ ಎರಡು ಸಲ ಸ್ನೋ ಬಿತ್ತು. ಎರಡು ಸಲವೂ ಅವನ ಆ್ಯಪ್ ಸರಿಯಾಗಿ ಹೇಳಿತು. ಹೇಳದೆ ಏನು, ಮೂರು ವರ್ಷ ನಾನು ಸಾಕಿದ ಕೂಸು ಅದು. ಗ್ರೂಪಿನಲ್ಲಿ ಅವನಿಗೆ ಹೆಬ್ಬೆಟ್ಟಿನ ಸುರಿಮಳೆ. ನಾನು ಹಲ್ಲು ಕಚ್ಚಿಕೊಂಡು ಆರು ಮಕ್ಕಳಿಗೆ ದೋಸೆ ಹುಯ್ದೆ.

ಫೆಬ್ರವರಿಯ ಎರಡನೇ ವಾರ ವಿದ್ಯಾ ಬಸ್ ಸ್ಟಾಪಿನಲ್ಲಿ ಸಿಕ್ಕಳು. ಹತ್ತು ದಿನದಿಂದ ಮೂಳೆ ಕೊರೆಯುವ ಒಣ ಚಳಿ. ಸ್ಕಾರ್ಫಿನೊಳಗಿಂದ ಮಾತಾಡಿದಳು.

"ಗುರುವಾರ ಬೆಳಿಗ್ಗೆ ಹತ್ತಕ್ಕೆ ರಘುದು ಫೈನಲ್ ಡೆಮೊ. ಹೊರಗಡೆಯಿಂದ ಡೈರೆಕ್ಟರ್‌ಗಳು ಬರ್ತಿದಾರೆ. ನಂಗೆ ಆರಕ್ಕೇ ಶಿಫ್ಟ್, ಐದಕ್ಕೆ ಮನೆ ಬಿಡ್ತೀನಿ. ಅಕಸ್ಮಾತ್ ಸ್ಕೂಲ್ ಕ್ಲೋಸ್ ಆದ್ರೆ ಆನ್ಯಾನ ನಿಮ್ಮನೇಲಿ ಬಿಡ್ತಾನೆ, ಆಯ್ತಾ? ನೀವು ಹೇಗೂ ಮನೇಲೇ ಇರ್ತೀರಲ್ಲ."

ನಾನು ನಕ್ಕೆ. ಹೂಂ ಎನ್ನಲಿಲ್ಲ. ಆದರೆ ನಮ್ಮಲ್ಲಿ ನಕ್ಕು ಸುಮ್ಮನಾದರೆ ಹೂಂ ಎಂದೇ ಅರ್ಥ ಎಂದು ನನಗೆ ಗೊತ್ತಿತ್ತು. ಈ ವಿಷಯದಲ್ಲಿ ನಾನು ಅಮಾಯಕಳಂತೆ ನಟಿಸುವುದಿಲ್ಲ.

ಬುಧವಾರ ಹವಾಮಾನದವರು ರಾತ್ರಿ ತುಂತುರು ಮಳೆ, ಬೆಳಿಗ್ಗೆ ನಾಲ್ಕಕ್ಕೆಲ್ಲ ಬಿಡುತ್ತದೆ, ಸ್ನೋ ಇಲ್ಲವೇ ಇಲ್ಲ ಎಂದರು. ಮಧ್ಯಾಹ್ನ ಆ್ಯಪ್ ಹನ್ನೆರಡು ತೋರಿಸಿತು. ಎರಡು ಗಂಟೆಗೆ ಗಂಗಾ ಆಂಟಿಯ ಫೋನ್.

"ರೋಸಾ ಇವತ್ತ ಫ್ರೀಜರ್ ಬಾಗಲಾನ ತಗದಿಲ್ಲವಾ. ನೆಲಾ ಹತ್ತ ದಿನದಿಂದ ಕಲ್ಲ ಆಗೇದ, ಅದರ ಮ್ಯಾಲ ಮಳಿ ಬಿದ್ರ ರಸ್ತೆ ಎಲ್ಲಾ ಕನ್ನಡಿ ಆಗತದ ಅಂತ ಡ್ರೈವರ್ ಅಂದನಂತ. ನಾಳೆ ಬಸ್ ಹೊರಡೂದಿಲ್ಲ ನೋಡ ಅಂದಳು ಆಕಿ."

ನಾನು ಎಂಬತ್ತೈದು ಎಂದು ಬರೆದೆ. ಪೆನ್ನು ಕೆಳಗಿಟ್ಟಾಗ ಕೈ ಬೆಚ್ಚಗಾಗಿತ್ತು. "ಆಂಟಿ, ಇವತ್ತು ನಿಮ್ಮನೆಗೆ ಬರಲಾ, ಇಳಾನ ಕರ್ಕೊಂಡು? ಗಿರೀಶ್ ಡಲ್ಲಾಸ್‌ಗೆ ಹೋಗಿದಾರೆ, ಶುಕ್ರವಾರ ಬರ್ತಾರೆ" ಎಂದೆ. ಅವರು ಬಾ ಅನ್ನದೆ ಇನ್ನೇನು ಹೇಳಿಯಾರು.

ಸಂಜೆ ಐದೂವರೆಗೆ ಬ್ಯಾಗು ಹಿಡಿದು ಪಾರ್ಕಿಂಗ್ ಲಾಟಿಗೆ ಇಳಿದರೆ ರಘು ಕಾರಿನಿಂದ ಇಸ್ತ್ರಿ ಮಾಡಿಸಿದ ಸೂಟನ್ನು ಹೊರಗೆ ತೆಗೆಯುತ್ತಿದ್ದ. ಹಿಂದಿನ ಸೀಟಿನಿಂದ ಆನ್ಯಾ ಇಳಾಗೆ ಕೈ ಬೀಸಿದಳು.

"ಎಲ್ಲಿಗೆ ಹೊರಟ್ರಿ?"

"ಆಂಟಿ ಮನೆಗೆ, ಊಟಕ್ಕೆ."

"ಹೋಗಿಬನ್ನಿ. ನಾಳೆ ಏನೂ ಆಗಲ್ಲ ಬಿಡಿ, ಹನ್ನೆರಡೇ ಇದೆ."

ಅಲ್ಲಿ ನಾನು ಬಾಯಿ ಬಿಡಬಹುದಿತ್ತು. ಒಂದೇ ಒಂದು ವಾಕ್ಯ ಸಾಕಾಗಿತ್ತು. ಆನ್ಯಾ ಕಿಟಕಿಯ ಗಾಜಿಗೆ ಮೂಗು ಒತ್ತಿಕೊಂಡು ಇಳಾಳನ್ನು ನಗಿಸುತ್ತಿದ್ದಳು. "ಆಲ್ ದಿ ಬೆಸ್ಟ್ ರಘು" ಎಂದು ಹೇಳಿ ಕಾರು ಹತ್ತಿದೆ.

ಬೆಳಿಗ್ಗೆ ಐದೂಕಾಲಕ್ಕೆ ಆ ದನಿ ಬಂತು. ರಸ್ತೆಗಳ ಪರಿಸ್ಥಿತಿಯ ಕಾರಣ ಶಾಲೆಗಳು ಮುಚ್ಚಿವೆ. ಎದ್ದು ಕಿಟಕಿಗೆ ಹೋದೆ. ಗಂಗಾ ಆಂಟಿಯ ಅಂಗಳ, ಮೆಟ್ಟಿಲು, ಟಪಾಲು ಪೆಟ್ಟಿಗೆ, ಎಲ್ಲದರ ಮೇಲೂ ಗಾಜು ಎರಕ ಹೊಯ್ದ ಹಾಗೆ ಹೊಳೆಯುತ್ತಿತ್ತು. ಐದೂ ಇಪ್ಪತ್ತೆಂಟಕ್ಕೆ ರಘುವಿನ ಮೊದಲ ಫೋನ್. ಆಮೇಲೆ ಮೂವತ್ತೆರಡಕ್ಕೆ, ನಲವತ್ತಕ್ಕೆ. ಆರೂ ಐದಕ್ಕೆ "ನಿಮ್ಮ ಮನೆ ಬಾಗಿಲಲ್ಲಿದೀವಿ" ಎಂಬ ಮೆಸೇಜ್. ನಾನು ಫೋನನ್ನು ಊಟದ ಮೇಜಿನ ಮೇಲೆ ನನ್ನ ಎದುರಿಗೇ ಇಟ್ಟುಕೊಂಡು ಆಂಟಿ ಬಡಿದುಕೊಟ್ಟ ಬಿಸಿ ರೊಟ್ಟಿ ತಿಂದೆ. ಫೋನ್ ಗುರ್ ಎಂದು ಮೇಜಿನ ಮೇಲೆ ಜರುಗಿದಾಗಲೆಲ್ಲ ಇನ್ನೊಂದು ತುತ್ತು. ಅಂಥ ರುಚಿಯ ರೊಟ್ಟಿಯನ್ನು ನಾನು ಅದಕ್ಕೆ ಮೊದಲೂ ತಿಂದಿಲ್ಲ, ಆಮೇಲೂ ತಿಂದಿಲ್ಲ.

"ಯಾರವಾ ಅದು, ಹಂಗ ಬಡಕೊಳ್ಳಾಕತ್ತದ? ಎತ್ತಬಾರದೇನ?" ಎಂದರು ಆಂಟಿ.

ಎಲ್ಲವನ್ನೂ ಹೇಳಿದೆ. ರೆಸ್ಯೂಮೆ, ಸ್ಪ್ರೆಡ್‌ಶೀಟ್, ಸಂಕ್ರಾಂತಿ, ಮಂಗಳವಾರ, ಡೆಮೊ. ಅವರು ಹಿಟ್ಟಿನ ಕೈ ಹಾಗೇ ಹಿಡಿದುಕೊಂಡು ಕೇಳಿದರು.

"ಅಂವಗ ಮಾಡಿದ್ದು ಸರಿ ಅದ. ಆದರ ಆ ಕೂಸು ಏನ ಮಾಡಿತ್ತವಾ? ಇಂಥಾ ಥಂಡ್ಯಾಗ ನಿನ್ನ ಬಾಗಲಾ ಬಡಿಯಾಕತ್ತದಲ್ಲ."

"ಅವರಪ್ಪ ಮಾಡಿದಾನಲ್ಲ ಆಂಟಿ."

ಇನ್ನೊಂದು ರೊಟ್ಟಿ ಹಾಕಲು ಹೋದ ಆಂಟಿ ಕೇಳದೆಯೇ ಒಲೆ ಆರಿಸಿದರು.

ಏಳು ಗಂಟೆಯ ಹೊತ್ತಿಗೆ ಗ್ರೂಪಿಗೆ ಬೆಂಕಿ ಬಿದ್ದಿತ್ತು. ಆ್ಯಪ್ ನಂಬಿಕೊಂಡು ಯಾರೂ ಏನೂ ವ್ಯವಸ್ಥೆ ಮಾಡಿಕೊಂಡಿರಲಿಲ್ಲ. ಒಬ್ಬಳಿಗೆ ಹೊಸ ಕೆಲಸದ ಎರಡನೇ ವಾರ, ಒಬ್ಬಳಿಗೆ ಡಾಕ್ಟರ್ ಹತ್ತಿರ ಹೋಗುವುದಿತ್ತು. "ರಘು, 12 ಅಂದ್ರಲ್ಲ?" ಎಂದು ಒಬ್ಬರಾದ ಮೇಲೆ ಒಬ್ಬರು. ಹನ್ನೆರಡು ಅಂದರೆ ಆಗುವುದೇ ಇಲ್ಲ ಎಂದಲ್ಲ, ನೂರರಲ್ಲಿ ಹನ್ನೆರಡು ಸಲ ಆಗಬಹುದು ಎಂದು ಅವನು ಬರೆದ. ಅವನು ಹೇಳಿದ್ದು ನೂರಕ್ಕೆ ನೂರು ನಿಜ. ಒಂದು ಸಲ ತಪ್ಪಿದ ಮಾತ್ರಕ್ಕೆ ಲೆಕ್ಕವೇ ತಪ್ಪೆಂದು ಹೇಳಲು ಬರುವುದಿಲ್ಲ. ಇಡೀ ಕಾಂಪ್ಲೆಕ್ಸಿನಲ್ಲಿ ಅದನ್ನು ವಿವರಿಸಿ ಅವನ ಮಾನ ಉಳಿಸಬಲ್ಲವಳು ನಾನೊಬ್ಬಳೇ ಇದ್ದೆ. ಫೋನನ್ನು ಮಗುಚಿಟ್ಟೆ.

ಡೆಮೊದಲ್ಲಿ ಏನಾಯಿತೆಂದು ತಿಳಿದದ್ದು ಶುಕ್ರವಾರ, ಬಸ್ ಸ್ಟಾಪಿನಲ್ಲಿ, ಆನ್ಯಾಳ ಬಾಯಿಂದಲೇ. ದೊಡ್ಡ ರಸ್ತೆಗಳಿಗೆ ಉಪ್ಪು ಸುರಿದ ಮೇಲೆ ರಘು ಅವಳನ್ನು ಆಫೀಸಿಗೇ ಕರೆದುಕೊಂಡು ಹೋಗಿದ್ದಾನೆ. ಬಣ್ಣದ ಪೆನ್ಸಿಲ್ ಕೊಟ್ಟು ಮೀಟಿಂಗ್ ರೂಮಿನ ಮೂಲೆಯಲ್ಲಿ ಕೂರಿಸಿದ್ದಾನೆ.

"ದ ಲೇಡಿ ಆಸ್ಕ್ಡ್ ಮಿ, ವೈ ಆರ್ ಯು ನಾಟ್ ಇನ್ ಸ್ಕೂಲ್? ಐ ಸೆಡ್ ಸ್ಕೂಲ್ ಈಸ್ ಕ್ಲೋಸ್ಡ್. ಅಂಡ್ ಡ್ಯಾಡೀಸ್ ಸ್ಕ್ರೀನ್ ಸೆಡ್ ಟ್ವೆಲ್ವ್. ಎವ್ರಿಬಡಿ ಲಾಫ್ಡ್ ಸೋ ಹಾರ್ಡ್."

"ಅಪ್ಪನೂ ನಕ್ರಾ?" ಎಂದು ಕೇಳಿದೆ. ಏಳು ವರ್ಷದ ಮಗುವನ್ನು ಹಾಗೆ ಕೇಳಬಾರದು. ಕೇಳಿದೆ.

"ನೋ" ಎಂದಳು.

ನನ್ನ ಹೊಟ್ಟೆ ತಣ್ಣಗಾಯಿತು.

ಅದೇ ಸಂಜೆ ಅವನು ಬಂದ. ಒಳಗೆ ಬನ್ನಿ ಎಂದು ನಾನು ಕರೆಯಲಿಲ್ಲ.

"ಇಷ್ಟು ವರ್ಷದಲ್ಲಿ ಒಂದು ಸ್ನೋ ಡೇನಲ್ಲೂ ನೀವು ಮನೆ ಬಿಟ್ಟು ಹೋದವರಲ್ಲ. ನಿಮಗೆ ಮೊದಲೇ ಗೊತ್ತಿತ್ತಾ?"

"ಗೊತ್ತಿತ್ತು."

"ಎಷ್ಟು ಹಾಕಿದ್ರಿ?"

"ಎಂಬತ್ತೈದು."

ಅವನು ಕೈಗವಸು ಬಿಚ್ಚಿ ಮತ್ತೆ ಹಾಕಿಕೊಂಡ. "ಪಾರ್ಕಿಂಗ್ ಲಾಟಲ್ಲಿ ಸಿಕ್ಕಿದ್ರಲ್ಲ. ಒಂದು ಮಾತು ಹೇಳ್ಬಹುದಿತ್ತು."

"ಹೇಳ್ಬಹುದಿತ್ತು."

"ಮಗು ಅಳ್ತಾ ನಿಂತಿದ್ಲು ಸುಮನಾ ಇಲ್ಲಿ. ನಿಮ್ಮ ಹೆಸರು ಕೂಗ್ತಾ ಇದ್ಲು. ಮೆಟ್ಟಿಲ ಮೇಲೆ ಜಾರಿ ಬೇರೆ ಬಿದ್ಲು. ನನ್ನ ಮೇಲೆ ಸಿಟ್ಟಿದ್ರೆ ನನಗೆ ಹೇಳ್ಬೇಕಿತ್ತು."

ಅದು ನನಗೆ ನಾಟಿತು. ನಾಟಿದ್ದು ಅವನಿಗೆ ಕಾಣಬಾರದೆಂದು ಬೇಗ ಕೇಳಿದೆ.

"ಒಂದೇ ಒಂದು ವಿಷಯ ಹೇಳಿ ರಘು. ನನ್ನ ರೆಸ್ಯೂಮೆ ನಿಮ್ಮ ಮ್ಯಾನೇಜರ್‌ಗೆ ಕೊಟ್ಟಿದ್ರಾ?"

ಅವನು ನನ್ನ ಮನೆಯ ಕಾಲೊರಸನ್ನು ನೋಡಿದ. "ಕೊಡ್ಬೇಕು ಅಂತಲೇ ಇದ್ದೆ" ಎಂದ.

ಕಂಪನಿಯವರು ನನ್ನ ಐದು ವರ್ಷದ ಗ್ಯಾಪ್ ನೋಡಿ ಬೇಡವೆಂದಿರಬೇಕು ಎಂದು ನಾನು ಎರಡು ತಿಂಗಳು ನನ್ನನ್ನೇ ಬೈದುಕೊಂಡಿದ್ದೆ. ನನ್ನ ಹೆಸರು ಆ ಕಟ್ಟಡದೊಳಗೆ ಕಾಲೇ ಇಟ್ಟಿರಲಿಲ್ಲ. ಬಾಗಿಲು ಹಾಕಿದೆ. ಅವನು ಮೆಟ್ಟಿಲು ಇಳಿದು ಹೋದ ಸದ್ದು ಕೇಳಿಸಿತು. ರಾತ್ರಿ ಗ್ರೂಪಿನಲ್ಲಿ, ಆ್ಯಪ್ ಸದ್ಯಕ್ಕೆ ನಿಲ್ಲಿಸುತ್ತಿದ್ದೇನೆ, ಮಾಹಿತಿ ನೀಡಿ ಸಹಕರಿಸಿದ ಸುಮನಾ ಅವರಿಗೆ ಧನ್ಯವಾದ ಎಂದು ಬರೆದಿದ್ದ. ಸಹಕರಿಸಿದ. ಆ ಪದವನ್ನು ಎಷ್ಟು ಸಲ ಓದಿದೆನೋ. ಯಾರೋ ಕೆಳಗೆ "ಹಾಗಾದ್ರೆ ಮತ್ತೆ ಸುಮನಾ ಅವ್ರೇ ನಂಬರ್ ಹಾಕ್ಲಿ" ಎಂದರು. ಹತ್ತು ಹೆಬ್ಬೆಟ್ಟು ಬಿದ್ದವು. ನಾನು ಹಾಕಲಿಲ್ಲ. ಚಪ್ಪಾಳೆ ತಟ್ಟಿದವರೂ ಸ್ವಲ್ಪ ಅನುಭವಿಸಲಿ ಎನ್ನಿಸಿತು. ಆ ಗ್ರೂಪಿಗೆ ನಾನು ಇನ್ನೆಂದೂ ಒಂದು ಸಂಖ್ಯೆ ಬರೆಯಲಿಲ್ಲ.

ಕೆಲಸ ಮುಂದಿನ ಬೇಸಿಗೆಯಲ್ಲಿ ಸಿಕ್ಕಿತು, ಒಂದು ಇನ್ಶೂರೆನ್ಸ್ ಕಂಪನಿಯಲ್ಲಿ, ಯಾರ ರೆಫರೆನ್ಸೂ ಇಲ್ಲದೆ. ನೋಟ್‌ಬುಕ್ಕನ್ನೇ ಹಿಡಿದುಕೊಂಡು ಹೋಗಿದ್ದೆ, ಎಲ್ಲಾ ಕಾಲಂಗಳ ಸಮೇತ. ಆದರೆ ಆ ಚಳಿಗಾಲ ಎಂದರೆ ನನಗೆ ನೆನಪಾಗುವುದು ಅದಲ್ಲ.

ಮಾರ್ಚ್ ಮೊದಲ ವಾರ ಕೊನೆಯ ದೊಡ್ಡ ಸ್ನೋ ಬಿತ್ತು. ನನ್ನ ಲೆಕ್ಕ ತೊಂಬತ್ತು ಎಂದಿತ್ತು, ಶಾಲೆ ಮುಚ್ಚಿತು. ಅಭ್ಯಾಸಬಲದಿಂದ ದೊಡ್ಡ ಪಾತ್ರೆಯ ತುಂಬಾ ಹಿಟ್ಟು ರುಬ್ಬಿಟ್ಟಿದ್ದೆ. ಆರು ಗಂಟೆಯಿಂದ ಕಾದೆ. ಏಳಾಯಿತು, ಎಂಟಾಯಿತು. ಒಬ್ಬರೂ ಬೆಲ್ ಒತ್ತಲಿಲ್ಲ. ವಿದ್ಯಾ ಎಲ್ಲರಿಗೂ ಏನು ಹೇಳಿದ್ದಳೋ ನನಗೆ ಗೊತ್ತಿಲ್ಲ, ಅವಳು ಹೇಳಿದ್ದು ಸುಳ್ಳಂತೂ ಇರಲಾರದು. ಕೆಳಗೆ ಗಾಡಿಯೊಂದು ಪಾರ್ಕಿಂಗ್ ಲಾಟಿನ ಹಿಮವನ್ನು ಕೆರೆದು ಮೂಲೆಗೆ ತಳ್ಳುತ್ತಿತ್ತು. ಇಳಾ ಕಿಟಕಿಯಲ್ಲಿ ನಿಂತಿದ್ದಳು. ಎದುರು ಬಿಲ್ಡಿಂಗಿನಿಂದ ವಿದ್ಯಾ ಆನ್ಯಾಳ ಕೈ ಹಿಡಿದುಕೊಂಡು ಇಳಿದು, ನಮ್ಮ ಬಿಲ್ಡಿಂಗನ್ನು ದಾಟಿ, ಅದರಾಚೆಯ ಮನೆಗೆ ಹೋದಳು. ಇಳಾ ಗಾಜು ತಟ್ಟಿದಳು. ಆನ್ಯಾ ತಲೆ ಎತ್ತಲಿಲ್ಲ.

"ಅಮ್ಮಾ, ಈಸ್ ಆನ್ಯಾ ಮ್ಯಾಡ್ ಅಟ್ ಮಿ?"

"ನಿನ್ನ ಮೇಲೆ ಅಲ್ಲ ಪುಟ್ಟಾ."

"ದೆನ್ ವೈ?"

ಕಾವಲಿ ಕಾದಿತ್ತು. ಅವಳಿಗೊಂದು ದೋಸೆ ಹುಯ್ದು ತಟ್ಟೆಗೆ ಹಾಕಿಕೊಟ್ಟೆ. ಅವಳು ಅದನ್ನು ಹಿಡಿದುಕೊಂಡು ಕಿಟಕಿಯ ಹತ್ತಿರವೇ ನಿಂತು ತಿಂದಳು. ಆ ಪ್ರಶ್ನೆಗೆ ನಾನು ಇವತ್ತಿನವರೆಗೂ ಉತ್ತರ ಕೊಟ್ಟಿಲ್ಲ. ಕೊಟ್ಟರೆ ಎರಡು ಮಾತು ಹೇಳಬೇಕಾಗುತ್ತದೆ. ನಿನ್ನ ಗೆಳತಿಯನ್ನು ನಿನ್ನಿಂದ ದೂರ ಮಾಡಿದವಳು ನಾನೇ ಎನ್ನುವುದು ಒಂದು. ಅದನ್ನಾದರೂ ಹೇಳಿಬಿಡಬಲ್ಲೆ. ಆ ಗುರುವಾರ ಮತ್ತೊಮ್ಮೆ ಬಂದರೂ ನಾನು ಬೀಗ ಹಾಕಿಕೊಂಡೇ ಹೋಗುತ್ತೇನೆ ಎನ್ನುವುದು ಇನ್ನೊಂದು.